ಶೂ ಡಬ್ಬದಲ್ಲಿದ್ದ ಹುಡುಗ

ಟ್ರೆವರ್ ಲೈಲ್ ನನ್ನ ಹನ್ನೆರಡು ಶೂ ಡಬ್ಬಗಳನ್ನು ಕಸದ ಗಾಡಿಗೆ ಹಾಕಿಸಿದ. ಹಾರ್ಲನ್ ತಂಡಕ್ಕಾಗಿ ಇಪ್ಪತ್ತಾರು ವರ್ಷ ಊರೂರು ಅಲೆದು, ಬೇಸ್‌ಬಾಲ್ ಆಡುವ ಹುಡುಗರನ್ನು ನೋಡಿ, ಒಬ್ಬೊಬ್ಬನಿಗೂ ಒಂದೊಂದು ಕಾರ್ಡು ಬರೆದು ಅವುಗಳಲ್ಲಿ ತುಂಬಿಟ್ಟಿದ್ದೆ. ಟ್ರೆವರ್ ತಂಡಕ್ಕೆ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್ ಆಗಿ ಬಂದು ಎರಡೇ ವಾರವಾಗಿತ್ತು.

"ಎಲ್ಲಾ ಕಂಪ್ಯೂಟರ್‌ನಲ್ಲಿದೆ ವಾಲ್ಟ್. ನೀವಿನ್ನು ಆರಾಮಾಗಿ ಮೀನು ಹಿಡ್ಕೊಂಡಿರಿ," ಅಂದ.

ನನಗೆ ಮೀನು ಕಂಡರಾಗದು. ಕೆಲಸ ಕಳೆದುಕೊಂಡು ಹೊರಗೆ ಬಂದೆ. ಮರುವರ್ಷ, ಲೀಗಿನಲ್ಲೇ ಕಟ್ಟಕಡೆಗಿದ್ದ ಡ್ಯೂಮಾಂಟ್ ತಂಡ ನನ್ನನ್ನು ಜನರಲ್ ಮ್ಯಾನೇಜರ್ ಮಾಡಿತು. ಬೇರೆ ಯಾರೂ ಒಪ್ಪಿರಲಿಲ್ಲ, ಅಷ್ಟೇ. ಹೆಸರು ಮಾಡಿದ ಮುದಿ ಆಟಗಾರರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟು ಮೀಸೆ ಚಿಗುರದ ಹುಡುಗರನ್ನು ತಂದೆ. ಆ ವರ್ಷ ನೂರ ಅರವತ್ತೆರಡರಲ್ಲಿ ನೂರಾ ಮೂರು ಪಂದ್ಯ ಸೋತೆವು. ಊರಿನ ಪತ್ರಿಕೆಗಳು ನನ್ನ ಮಾನ ಹರಾಜು ಹಾಕಿದವು.

ಅದೇ ವರ್ಷ ಜುಲೈಯಲ್ಲಿ ಟ್ರೆವರ್ ಫೋನ್ ಮಾಡಿದ. ಅವನಿಗೆ ಚೆಂಡೆಸೆಯುವ ನಮ್ಮ ಹಳೆಯ ಪಿಚರ್ ಬೇಕಿತ್ತು, ಕೊಟ್ಟೆ. ಬದಲಿಗೆ ಬರುವವನು ಯಾರೆಂದು ಆಮೇಲೆ ಹೇಳುವ ಪದ್ಧತಿ ನಮ್ಮಲ್ಲಿ ಮಾಮೂಲು. ಅವರು ತಮ್ಮ ಕಿರಿಯರ ತಂಡಗಳಿಂದ ಆರು ಹೆಸರಿನ ಪಟ್ಟಿ ಕಳಿಸುತ್ತಾರೆ, ನಾವು ಆರು ತಿಂಗಳೊಳಗೆ ಒಬ್ಬನನ್ನು ಆರಿಸಿಕೊಳ್ಳಬೇಕು. ಹೋದರೂ ಚಿಂತೆಯಿಲ್ಲ ಎನ್ನುವಂಥವರನ್ನೇ ಪಟ್ಟಿಗೆ ಹಾಕುವುದು.

ಐದನೆಯ ಹೆಸರು ಎಲಿಹಿಯೋ ಪೆಗೆರೋ. ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್. ಓದುತ್ತಲೇ ಗುರುತು ಸಿಕ್ಕಿತು. ಕೆಲವು ವರ್ಷಗಳ ಹಿಂದೆ, ಹದಿನಾರರ ಆ ಹುಡುಗ ಡೊಮಿನಿಕನ್ ದೇಶದ ಒಂದು ಧೂಳು ಮೈದಾನದಲ್ಲಿ, ಮೊಣಕಾಲೂರಿಕೊಂಡೇ ಅಷ್ಟು ದೂರದ ಎರಡನೇ ಬೇಸಿಗೆ ಬಾಣದಂತೆ ಚೆಂಡೆಸೆದದ್ದನ್ನು ಕಂಡು ಕಾರ್ಡಿನಲ್ಲಿ ಬರೆದಿದ್ದೆ: 'ಇವನು ಕ್ಯಾಚರ್ ಅಲ್ಲ. ಇಪ್ಪತ್ತು ತುಂಬಿದ ಮೇಲೆ ಪಿಚರ್ ಮಾಡಿ.' ಆ ಕಾರ್ಡು ಕಸದ ಗುಡ್ಡೆ ಸೇರಿತ್ತು.

ಗಡುವಿನ ಹಿಂದಿನ ದಿನ ಟ್ರೆವರ್‌ಗೆ ಫೋನ್ ಮಾಡಿ, ಬೇಕೆಂದೇ ಬೇಸರದ ದನಿಯಲ್ಲಿ ಪೆಗೆರೋ ಹೆಸರು ಹೇಳಿದೆ.

"ಅವನಿಗೆ ಬ್ಯಾಟು ಹಿಡಿಯೋಕೇ ಬರಲ್ಲ," ಟ್ರೆವರ್ ನಕ್ಕ.

"ಏನ್ಮಾಡೋದಪ್ಪ, ವಯಸ್ಸಾಯ್ತು. ಕಣ್ಣು ಸರಿಯಾಗಿ ಕಾಣಲ್ಲ," ಅಂದೆ.

ಎರಡು ವರ್ಷ ಹುಡುಗನನ್ನು ತಿದ್ದಿ ಪಿಚರ್ ಮಾಡಿದೆವು. ಎರಡನೆಯ ವರ್ಷದ ಕೊನೆಯ ಪಂದ್ಯ ಹಾರ್ಲನ್ ತಂಡದ ಮೈದಾನದಲ್ಲೇ, ಅವರ ವಿರುದ್ಧವೇ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಒಂದೇ ರನ್ನು ಮುಂದಿದ್ದೆವು. ಕೊನೆಯ, ಒಂಬತ್ತನೇ ಇನಿಂಗ್ಸಿನಲ್ಲಿ ಪೆಗೆರೋ ಹನ್ನೊಂದೇ ಎಸೆತಗಳಲ್ಲಿ ಮೂವರನ್ನೂ ಔಟ್ ಮಾಡಿದ; ಗೆದ್ದೆವು. ನಲವತ್ತು ಸಾವಿರ ಜನ ಎದ್ದು ಮನೆಯ ದಾರಿ ಹಿಡಿದರು. ನನ್ನ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

ಟ್ರೆವರ್ ಕ್ರೀಡಾಂಗಣದ ಕಾರಿಡಾರಿನಲ್ಲಿ ಅಡ್ಡ ನಿಂತ. "ಅವನು ಪಿಚರ್ ಅಂತ ನಮ್ಮ ಕಂಪ್ಯೂಟರ್‌ನಲ್ಲಿ ಎಲ್ಲೂ ಇರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ಡಬ್ಬದಲ್ಲಿತ್ತು. ನೀನೇ ಬಿಸಾಡಿಸಿದೆಯಲ್ಲ."

ಅವನ ಮುಖ ಬಿಳಚಿಕೊಂಡಿತು. "ನಮ್ಮ ಹುಡುಗರಲ್ಲಿ ಇಂಥವರು ಇನ್ನೂ ಯಾರಾದ್ರೂ ಅದರಲ್ಲಿದ್ರಾ?"

"ಏಳು ಜನ," ಅಂದೆ. "ಯಾರ್ಯಾರು ಅಂತ ನನಗೆ ಬಾಯಿಪಾಠ. ನೀನು ಕೈಬಿಡೋದನ್ನೇ ಕಾಯ್ತಿರ್ತೀನಿ."

ಕೊಟ್ಟವನು ಆ ಏಳರಲ್ಲೊಬ್ಬನಾಗಿಬಿಟ್ಟರೆ ಎಂದು ಹೆದರಿ, ಆ ಚಳಿಗಾಲ ಟ್ರೆವರ್ ತನ್ನ ಹುಡುಗರಲ್ಲಿ ಒಬ್ಬನನ್ನೂ ಯಾರಿಗೂ ಕೊಡಲಿಲ್ಲ. ಕೊಡದವನಿಗೆ ಯಾರು ಏನು ಕೊಡುತ್ತಾರೆ? ಒಳ್ಳೆಯ ಪಿಚರ್ ಇಲ್ಲದೆ ಮರುವರ್ಷ ಹಾರ್ಲನ್ ತೊಂಬತ್ತೆಂಟು ಪಂದ್ಯ ಸೋತಿತು. ಅಕ್ಟೋಬರಿನಲ್ಲಿ ಮಾಲೀಕರು ಅವನನ್ನು ಕಿತ್ತುಹಾಕಿದರು.

ಅವನ ಮನೆಗೆ ಒಂದು ಗಾಳದ ಕೋಲು ಕಳಿಸಿದೆ. ಜೊತೆಗೆ ಒಂದು ಕಾರ್ಡು ಬರೆದಿಟ್ಟೆ: 'ಆ ಏಳು ಜನ ಸುಳ್ಳು. ನಿನ್ನ ಹುಡುಗರಲ್ಲಿ ಅಂಥವನಿದ್ದದ್ದು ಪೆಗೆರೋ ಒಬ್ಬನೇ.'