ಹೆಸರು ಬರೆಯದ ಟ್ಯೂಬು

ಬೆಚ್ಚಗಿದೆ, ಈಗಷ್ಟೇ ಶಾಖದ ಪೆಟ್ಟಿಗೆಯಿಂದ ತೆಗೆದ ಗಾಜಿನ ಟ್ಯೂಬು ಬೆರಳಿಗೆ ಮೈಕಾವಿನಷ್ಟೇ ಬೆಚ್ಚಗಿದೆ, ಅಲುಗಾಡಿಸಬೇಡ, ಮೆಲ್ಲಗೆ ಓರೆ ಮಾಡು ಅಷ್ಟೆ — ಒಂದು ಗಂಟೆ ಆಯಿತು, ತಿಳಿಹಳದಿ ಪ್ಲಾಸ್ಮಾ ನೀರಿನ ಹಾಗೆ ಜಾರಿ ಗಾಜಿನ ಕತ್ತಿನ ತನಕ ಬಂತು, ಇದು ಅಕ್ಕನದು, ಅವಳ ಗಾಯದ ಬ್ಯಾಕ್ಟೀರಿಯಾ ಬೆರೆಸಿದ್ದು, ಮೇಲೆ ನಂಬರು ಇದೆ, ಪಕ್ಕದಲ್ಲಿರುವುದು ಹೆಸರೂ ನಂಬರೂ ಇಲ್ಲದ್ದು, ಅದು ನನ್ನದು, ನನ್ನ ಮೂಗಿನಿಂದ ತೆಗೆದದ್ದು, ಅದೂ ಹರಿಯಿತು, ಎರಡೂ ನೀರು, ಹಾಗಾದರೆ ಅಕ್ಕನ ಮಂಡಿಯ ಗಾಯದಲ್ಲಿ ಬೆಳೆದಿರುವುದು ಎಲ್ಲರ ಚರ್ಮದ ಮೇಲೂ ಇರುವ ಸಾಧು ಪ್ರಾಣಿ, ಹಾಗಂತ ಒಂದೇ ಗಂಟೆಗೆ ತೀರ್ಮಾನ ಮಾಡುವವಳು ಹದಿನೆಂಟು ವರ್ಷ ಈ ಲ್ಯಾಬಿನಲ್ಲಿ ಏನು ಕಡಿದು ಕಟ್ಟೆ ಹಾಕಿದಳು, ನಾಲ್ಕು ಗಂಟೆ ಕಾಯಬೇಕು, ಪ್ಲಾಸ್ಮಾ ಹೆಪ್ಪುಗಟ್ಟಿದರೆ ಅದು ಆ ಬಂಗಾರದ ಬಣ್ಣದ ಕೇಡಿ, ಕಟ್ಟದಿದ್ದರೆ ಅಲ್ಲ, ಇದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿಲ್ಲ ನಾನು. ಡಾಕ್ಟರ್ ಬೆಳಿಗ್ಗೆಯೇ ಬಂದು ನಿಂತಿದ್ದರು, ಅದೇ ಆಗಿದ್ರೆ ಹಾಕಿರೋ ಹೊಸ ಕೀಲು ತೆಗೀಲೇಬೇಕಮ್ಮ, ಮಂಡಿ ಮತ್ತೆ ಬಿಚ್ಚಬೇಕು, ಸ್ವಲ್ಪ ಬೇಗ ಹೇಳಿ, ರೋಗಿ ನನ್ನ ಸ್ವಂತ ಅಕ್ಕ ಅಂತ ಅವರಿಗೆ ಗೊತ್ತು, ಎರಡನೇ ಟ್ಯೂಬಿನ ಸುದ್ದಿ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ರಿಜಿಸ್ಟರಿನಲ್ಲೂ ಇಲ್ಲ.

ಕನ್ನಡಕ, ಎಲ್ಲ ಆ ಹಾಳು ಕನ್ನಡಕದಿಂದ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಕ್ಕನ ಡ್ರೆಸ್ಸಿಂಗ್ ನಾಲ್ಕು ಸಲ ನಾನೇ ಮಾಡಿದೆ, ಮಾಸ್ಕ್ ಹಾಕಿದರೆ ಗಾಜಿಗೆ ಆವಿ ಕಟ್ಟಿ ಹೊಲಿಗೆಯೇ ಕಾಣುತ್ತಿರಲಿಲ್ಲ, ಮಾಸ್ಕನ್ನೇ ಮೂಗಿನ ಕೆಳಗೆ ಇಳಿಸಿಕೊಂಡೆ, ಅದೂ ನೆಗಡಿಯ ವಾರ, ಬಗ್ಗಿ, ಉಸಿರು ತಾಗುವಷ್ಟು ಹತ್ತಿರ ಬಗ್ಗಿ, ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಚಳಿ ಬಿಡಿಸುತ್ತಿದ್ದೆ, ಮತ್ತೆ ನನ್ನ ಮೂಗಿನ ಚರಿತ್ರೆ ನನಗೇ ಗೊತ್ತಿಲ್ಲವೇ, ಕಲಿಯುವಾಗ ಮೇಷ್ಟ್ರು ಎಲ್ಲರ ಕೈಗೂ ಹತ್ತಿಕಡ್ಡಿ ಕೊಟ್ಟು ನಿಮ್ಮ ನಿಮ್ಮ ಮೂಗು ಒರೆಸಿ ತನ್ನಿ ಅಂದಿದ್ದರು, ಇಪ್ಪತ್ತು ಜನರಲ್ಲಿ ಆರು ಜನರ ಪ್ಲೇಟಿನಲ್ಲಿ ಹೊಂಬಣ್ಣದ ಚುಕ್ಕೆ, ಆರರಲ್ಲಿ ಒಬ್ಬಳು ನಾನು, ನಿಮ್ಮ ಮೂಗಲ್ಲಿ ಬಾಡಿಗೆಗಿದಾನಮ್ಮ, ಗಲಾಟೆ ಮಾಡೋನಲ್ಲ, ಮನೆ ಬದಲಾಯಿಸಿದ್ರೆ ಮಾತ್ರ ಅವನ ಕೈಲಿ ಆಗಲ್ಲ ಸುಮ್ಮನಿರೋಕೆ — ಅಂದರು ಮೇಷ್ಟ್ರು, ಎಲ್ಲರೂ ನಕ್ಕರು, ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ, ಎರಡು ವರ್ಷ ಬಾಡಿಗೆ ಮನೆ ಅಂತಲೇ ಕರೆದರು ನನ್ನನ್ನು.

ಎರಡನೇ ಗಂಟೆ, ಓರೆ ಮಾಡಿದೆ, ಅಕ್ಕನದು ಬರಲಿಲ್ಲ, ತಳದಲ್ಲಿ ಗಟ್ಟಿಯಾಗಿ ಕೂತಿದೆ, ಇನ್ನೂ ಓರೆ ಮಾಡಿದೆ, ತಲೆಕೆಳಗೇ ಮಾಡಿದೆ, ಬೀಳುತ್ತಿಲ್ಲ, ಡಾಕ್ಟರಿಗೆ ಫೋನು ಮಾಡಿ ಹೇಳಿದ್ದು ನನ್ನ ಧ್ವನಿಯೇ, ಹೌದು ಸಾರ್ ಅದೇ, ಫೋನು ಇಟ್ಟು ಸ್ಟೂಲಿನ ಮೇಲೆ ಕೂತೆ. ನನ್ನದು ಇನ್ನೂ ಹರಿಯುತ್ತಿದೆ, ದೇವರೇ ಹರಿಯಲಿ, ಅಕ್ಕನ ಮಂಡಿ ಮತ್ತೆ ಬಿಚ್ಚುತ್ತಾರೆ ಅನ್ನುವಾಗ ನಾನು ನನ್ನ ಟ್ಯೂಬಿಗೆ ಹರಕೆ ಹೊರುತ್ತಿದ್ದೇನೆ, ಎಂಥ ತಂಗಿ. ಆ ಕೇಡಿಗೆ ಹಲ್ಲಿಲ್ಲ ಉಗುರಿಲ್ಲ, ಬರೀ ಸಲಕರಣೆಗಳು, ಒಂದರಿಂದ ಅಂಟಿಕೊಳ್ಳುತ್ತದೆ, ಒಂದರಿಂದ ರಕ್ತಕಣ ಒಡೆಯುತ್ತದೆ, ಹಿಡಿಯಲು ಬಂದ ಪ್ರತಿಕಾಯವನ್ನು ಬಾಲದ ಕಡೆಯಿಂದ ಹಿಡಿದು ನಿಷ್ಪ್ರಯೋಜಕ ಮಾಡುತ್ತದೆ, ಮತ್ತೊಂದರಿಂದ ನಮ್ಮ ರಕ್ತವನ್ನೇ ಹೆಪ್ಪುಗಟ್ಟಿಸಿ ಹೊದ್ದುಕೊಳ್ಳುತ್ತದೆ, ಕಾವಲಿನ ಬಿಳಿಕಣಗಳು ಬಂದು ನೋಡಿದರೆ ಕಾಣುವುದು ನಮ್ಮದೇ ಹೆಪ್ಪು, ಮನೆಯವರೇ ಅಂದುಕೊಂಡು ಮುಂದೆ ಹೋಗುತ್ತವೆ, ಪರೀಕ್ಷೆಗೆ ಬಾಯಿಪಾಠ ಮಾಡಿದ್ದು, ಆದರೆ ಮನೆಯವರೇ ಹೊತ್ತು ತಂದರೆ ಏನು ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ತಡಿ, ನನ್ನದೂ ಕಟ್ಟಿದರೆ ತಾನೇ ಏನು, ಅದು ಸಾಕ್ಷಿಯಾಗುತ್ತದೆಯೇ, ಅಕ್ಕನ ಮೂಗಲ್ಲೇ ಇದ್ದಿರಬಹುದು, ಆಪರೇಷನ್ ಕೋಣೆಯಲ್ಲಿ ಯಾರದೋ ಮೂಗಲ್ಲಿ, ಮೂರು ಜನರಲ್ಲಿ ಒಬ್ಬರಿಗೆ ಇರುತ್ತದೆ — ಹಾಗಿದ್ದರೆ ಈ ಟ್ಯೂಬು ಯಾಕೆ ಇಟ್ಟೆ, ಕಟ್ಟದಿದ್ದರೆ ನಿರಾಳ, ಕಟ್ಟಿದರೆ ಅನುಮಾನ, ಅನುಮಾನ ಈಗಲೂ ಇದೆಯಲ್ಲ, ತಲೆ ಕೆಟ್ಟು ಕೆರ ಹಿಡಿದಿದೆ.

ಮೂರನೇ ಗಂಟೆ, ಹರಿಯಿತು, ಸ್ವಲ್ಪ ನಿಧಾನವಾಗಿ ಹರಿಯಿತೇ, ನಾನೇ ಕಡಿಮೆ ಓರೆ ಮಾಡಿದೆನೇ, ಫೋನು, ಮತ್ತೆ ಸೇರಿಸಿರುವ ವಾರ್ಡಿನಿಂದ ಅಕ್ಕ, ಡಾಕ್ಟ್ರು ಬಂದು ಹೇಳಿದ್ರು ಕಣೇ, ಇನ್ನೊಂದ್ಸಲ ಬಿಚ್ತಾರಂತೆ, ಹೋಗ್ಲಿ ಬಿಡು, ಹಣೇಲಿ ಬರ್ದಿರೋದು, ನೀನು ಅಳಬೇಡ, ಅಳ್ತಿದೀಯಾ, ಇಲ್ಲ ಅಕ್ಕಾ ನೆಗಡಿ, ಇನ್ನೂ ಹೋಗಿಲ್ವಾ ಆ ನೆಗಡಿ, ಕಷಾಯ ಕುಡಿ, ನೋಡು, ಬ್ಯಾಂಡೇಜೆಲ್ಲ ಒದ್ದೆಯಾಗಿದೆ, ಈ ನರ್ಸಮ್ಮ ಕಿತ್ತು ತೆಗೀತಾಳೆ, ಜೀವ ಹೋಗುತ್ತೆ, ನಿನ್ನ ಕೈ ಎಷ್ಟು ಮೆತ್ತಗೆ, ಸಂಜೆ ನೀನೇ ಬಂದು ಕಟ್ತೀಯಾ — ಹೂಂ ಅಂದೆನೇ, ಏನೋ ಅಂದೆ, ಬರ್ತೀನಿ ಅಂದ ಹಾಗಿದೆ, ಬೇಡ ಅನ್ನಬೇಕಿತ್ತು, ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ, ಅಕ್ಕ ಬಿಡುವವಳಲ್ಲ, ಚಿಕ್ಕಂದಿನಿಂದ ನನ್ನ ಬಾಯಿ ಬಿಡಿಸಿದವಳು ಅವಳೇ, ನಾಲ್ಕು ಗಂಟೆ ಆಯಿತು, ಹೆಸರು ಬರೆಯದ್ದನ್ನು ತೆಗೆ, ಬೆಚ್ಚಗಿದೆ, ಮೆಲ್ಲಗೆ ಓರೆ ಮಾಡು, ಇನ್ನೂ ಸ್ವಲ್ಪ, ಸಂಜೆ ಏನು ಹೇಳಲಿ, ಇನ್ನೂ ಸ್ವಲ್ಪ, ತಳದಲ್ಲಿ ಹಳದಿ ಹೆಪ್ಪು, ಪೂರ್ತಿ ಅಡ್ಡ ಮಲಗಿಸಿದೆ, ತಲೆಕೆಳಗೆ ಹಿಡಿದೆ, ಅಲುಗುತ್ತಿಲ್ಲ, ಅಲ್ಲೇ ಕೂತಿದೆ, ಅಲುಗುತ್ತಿಲ್ಲ