ಆರನೇ ಕಾರಿನ ಜಾಗ

ಹೊಳೆ ದಾಟಿಸುವ ತೊಂಬತ್ತು ವರ್ಷದ ಆ ಲಾಂಚಿನಲ್ಲಿ ಆರು ಕಾರು ಹಿಡಿಯುತ್ತಿದ್ದವು, ಹತ್ತಿಸುತ್ತಿದ್ದುದು ಐದು. ಹತ್ತುವ ಹಲಗೆಯ ಪಕ್ಕದ ಮೂಲೆ ಹೊರಡುವ ಗಳಿಗೆಯವರೆಗೂ ಖಾಲಿ ಇರಬೇಕು, ಆಚೆ ದಡದ ಆಸ್ಪತ್ರೆಗೆ ಹೋಗುವ ಊರಿನವರಿಗೆಂದು. ಎಲ್ಲೂ ಬರೆದಿಡದ ಈ ಕಟ್ಟಳೆಯನ್ನು ಲಾಂಚ್ ನಡೆಸುವ ಬೆಣ್ಣೆಯಣ್ಣ ತನ್ನ ಅಪ್ಪನಿಂದ ಕಲಿತಿದ್ದ. ಎಂದೂ ದನಿ ಎತ್ತದವನೆಂದು ಊರೇ ಅವನಿಗೆ ಇಟ್ಟ ಹೆಸರು ಅದು.

ಆ ಬೆಳಿಗ್ಗೆ ಅವನು ಇಂಜಿನ್ನಿಗೆ ಎಣ್ಣೆ ಹಾಕಿ, ಚಾಲೂ ಮಾಡಿ ಮೇಲೆ ಬರುವಷ್ಟರಲ್ಲಿ ಹೊಸ ಮ್ಯಾನೇಜರು ಆ ಮೂಲೆಗೂ ಪ್ರವಾಸಿಗರ ಕಾರು ಹತ್ತಿಸಿಬಿಟ್ಟಿದ್ದ. ದಡದಲ್ಲಿ ಅವನ ಭಾವನ ಹಳೇ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅಕ್ಕ, ಮುಖ ಊದಿಕೊಂಡು, ಕಿಟಕಿಗೆ ತಲೆ ಆನಿಸಿದ್ದಳು. ಡಯಾಲಿಸಿಸ್ ಒಂಬತ್ತಕ್ಕೆ, ತಪ್ಪಿದರೆ ಮತ್ತೆ ಮೆಷಿನ್ ಸಿಗುವುದು ನಾಡಿದ್ದು. ಲಾಂಚ್ ಹೋಗಿ ಬರಲು ಒಂದು ಗಂಟೆ ಬೇಕು.

“ಆ ಕಾರು ಇಳಿಸಿ ಸಾರ್.”

“ಹಳೇ ಲಾಂಚ್ ನೋಡೋಕೆ ಅಂತಾನೇ ದೂರದಿಂದ ಬಂದಿದಾರೆ ಕಣಯ್ಯ. ನಿಮ್ಮಕ್ಕ ಮುಂದಿನ ಸಲ ಬರ್ಲಿ. ಆಸ್ಪತ್ರೆ ಎಲ್ಲೂ ಓಡಿಹೋಗಲ್ಲ.”

ಬೆಣ್ಣೆಯಣ್ಣನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಇಂಜಿನ್ ಆರಿಸಿ, ಕೀಲಿಕೈ ಜೇಬಿಗಿಳಿಸಿ, ಹಲಗೆಯ ಮೇಲೆ ಕೂತುಬಿಟ್ಟ.

“ಆಸ್ಪತ್ರೆ ಓಡಲ್ಲ, ಸರಿ. ಲಾಂಚೂ ಓಡಲ್ಲ. ಬನ್ನಿ ಸಾರ್, ಇಬ್ರೂ ಕೂತು ನದಿ ನೋಡೋಣ.”

“ನಿಮ್ಮಕ್ಕ ಅಂತ ಇಷ್ಟೆಲ್ಲ ಹಾರಾಡ್ತಿದೀಯ.”

“ಹೋದ ತಿಂಗಳು ನಿಮ್ಮ ಮಗೂಗೆ ಜ್ವರ ಬಂದಾಗ ಆ ಮೂಲೇಲಿ ನಿಂತಿದ್ದು ಯಾರ ಕಾರು? ಅವತ್ತು ನೀವು ನನಗೇನಾಗ್ಬೇಕು ಅಂತ ಕೇಳಿದ್ನಾ?”

ಮ್ಯಾನೇಜರು ಮುಖ ಕೆಂಪಗೆ ಮಾಡಿಕೊಂಡು ಫೋನ್ ತೆಗೆದ. ಹಿಂದೆ ಹಾರ್ನುಗಳು ಒದರಿಕೊಂಡವು. ಅಷ್ಟರಲ್ಲಿ ಮೂಲೆಯ ಕಾರಿನಿಂದ ನಡುವಯಸ್ಸಿನ ಹೆಂಗಸೊಬ್ಬಳು ತಲೆ ಹೊರಹಾಕಿದಳು.

“ನನಗ್ಯಾರೂ ಹೇಳಲೇ ಇಲ್ವಲ್ಲಪ್ಪ. ಏಳು, ದಾರಿ ಬಿಡು.”

ಅವನು ಎದ್ದ. ಅವಳು ಕಾರನ್ನು ಮೆಲ್ಲಗೆ ಹಿಂದಕ್ಕಿಳಿಸಿ, ಭಾವನ ಕಾರಿನ ಪಕ್ಕ ನಿಲ್ಲಿಸಿ, ತನ್ನ ಸೀಟಿನ ದಿಂಬನ್ನು ಅಕ್ಕನ ತಲೆಗೆ ಕೊಟ್ಟಳು. ಭಾವ ಕಾರು ಹತ್ತಿಸಿದ.

“ನಾಳೆಯಿಂದ ನೀನು ಬರೋದು ಬೇಡ,” ಎಂದ ಮ್ಯಾನೇಜರು.

“ಆಯ್ತು ಸಾರ್. ಸಂಜೆ ಅಕ್ಕ ವಾಪಸ್ ಬರ್ಬೇಕು. ಅಲ್ಲೀತನಕ ಲಾಂಚ್ ನಂದು.”

ನಡುಹೊಳೆ ಬಂದರೂ ಅವನ ಹಲ್ಲು ಕಚ್ಚಿಕೊಂಡೇ ಇತ್ತು. ಒಂಬತ್ತರೊಳಗೆ ಅಕ್ಕ ಆಸ್ಪತ್ರೆ ಸೇರುವಷ್ಟು ಹೊತ್ತು ಇನ್ನೂ ಇತ್ತು. ಹಿಂದೆ ದಡದಲ್ಲಿ ಆ ಹೆಂಗಸು ಕಣ್ಣಿಗೆ ಕೈಯಡ್ಡ ಹಿಡಿದು ಇತ್ತಲೇ ನೋಡುತ್ತಿದ್ದಳು. ಅವಳಿಗೊಂದು ಒಳ್ಳೆಯ ಮಾತೂ ಆಡದೆ ಬಂದುಬಿಟ್ಟೆನಲ್ಲ ಎಂದು ಈಗ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.