ತಳ ಹಿಡಿದ ಅನ್ನ

ನಮ್ಮ ಮನೆಯಲ್ಲಿ ಮೂವತ್ತು ವರ್ಷ ಒಲೆ ಹೊತ್ತಿದ್ದು ಹಾಲು ಕಾಯಿಸಲು ಮಾತ್ರ. ಇದನ್ನು ಕೇಳಿ ಮೂಗಿನ ಮೇಲೆ ಬೆರಳಿಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಾನು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವಳು. ಯಾವ ಬಸ್ಸು ಎಷ್ಟು ನಿಮಿಷ ತಡವಾಗಿ ಹೊರಟಿತು ಎಂದು ಬರೆದಿಟ್ಟು ಡ್ರೈವರುಗಳ ಕೈಲಿ ಬೈಸಿಕೊಳ್ಳುವುದು ನನ್ನ ಕೆಲಸ. ಇವರು ಕಾರ್ಖಾನೆ ಕ್ಯಾಂಟೀನಿನ ದೊಡ್ಡ ಅಡುಗೆಯವರು. ದಿನಕ್ಕೆ ಆರುನೂರು ಜನಕ್ಕೆ ಬೇಯಿಸಿ, ನಮ್ಮಿಬ್ಬರ ಪಾಲನ್ನು ನಾಲ್ಕು ಅಂತಸ್ತಿನ ಡಬ್ಬಿಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಭಾನುವಾರ ನನ್ನ ತಂಗಿಯ ಮನೆಯಲ್ಲಿ ಊಟ. ಮಕ್ಕಳಾಗಲಿಲ್ಲ, ಆದ್ದರಿಂದ ಬೇರೆ ವ್ಯವಸ್ಥೆ ಬೇಕು ಎಂದು ಯಾರಿಗೂ ಅನ್ನಿಸಲೂ ಇಲ್ಲ. ನಮ್ಮತ್ತೆ ಮಾತ್ರ ಸಾಯುವವರೆಗೂ ನನ್ನನ್ನು 'ಗಡಿಯಾರದಮ್ಮ' ಎಂದೇ ಕರೆದರು. ಅದರಲ್ಲಿ ಪ್ರೀತಿ ಎಷ್ಟು, ಚುಚ್ಚು ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ.

ನಿವೃತ್ತಿಯಾದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಈ ಪರದೇಶಕ್ಕೆ ಬಂದಿದ್ದು ಇವರ ಹಟದಿಂದ. ಮದುವೆಗೆ ಮುಂಚೆ ಇವರು ಎರಡು ವರ್ಷ ಸರಕು ಹಡಗಿನಲ್ಲಿ ಅಡುಗೆಗಿದ್ದರು. ಎಂಜಿನ್ ಕೆಟ್ಟು ಆ ಹಡಗು ಹನ್ನೊಂದು ದಿನ ಈ ಸಣ್ಣ ಬಂದರಿನಲ್ಲಿ ನಿಂತಿತ್ತಂತೆ. ದಡದ ಮೇಲಿನ ಒಂದು ಮನೆಯ ಕಿಟಕಿಯಲ್ಲಿ ವಯಸ್ಸಾದ ಗಂಡ ಹೆಂಡತಿ ದಿನಾ ಎದುರುಬದುರು ಕೂತು ಉಣ್ಣುವುದನ್ನು ಇವರು ಹಡಗಿನಿಂದಲೇ ನೋಡುತ್ತಿದ್ದರಂತೆ. ಒಂದೇ ಪಾತ್ರೆ, ಎರಡು ತಟ್ಟೆ. ಇಬ್ಬರಿಗೆ ಎಷ್ಟು ಬೇಕೋ ಅಷ್ಟೇ ಅಡುಗೆ. ಹಂಡೆಗಳ ನಡುವೆ ಬೆವರು ಸುರಿಸುವವರಿಗೆ ಅದಕ್ಕಿಂತ ದೊಡ್ಡ ಸುಖ ಇನ್ನೊಂದು ಕಾಣಲಿಲ್ಲ. ಮುದುಕನಾದ ಮೇಲೆ ಅಲ್ಲೇ ಹೋಗಿ ಹಾಗೇ ಇರಬೇಕು ಎಂದು ಆಗಲೇ ತೀರ್ಮಾನ ಮಾಡಿದ್ದರಂತೆ. ಮೂವತ್ತು ವರ್ಷ ಆ ಕತೆ ಕೇಳಿ ಕೇಳಿ ನನಗೂ ಆ ಕಿಟಕಿ ಗುರುತಾಗಿತ್ತು.

ಬಾಡಿಗೆಗೆ ಸಿಕ್ಕಿದ್ದು ಎರಡನೇ ಮಹಡಿಯ ಮನೆ. ಒಂದು ಹಾಲ್, ಒಂದು ಕೋಣೆ, ಇಬ್ಬರು ನಿಂತರೆ ಮೈ ತಾಗುವಂಥ ಅಡುಗೆಮನೆ. ಬಂದ ಮರುದಿನವೇ ಇವರು ಅಂಗಿಯ ತೋಳು ಮಡಚಿ ಒಲೆ ಮುಂದೆ ನಿಂತರು. ಅನ್ನ, ಬೇಳೆ, ಒಂದು ಪಲ್ಯ, ಅಷ್ಟೇ ಸಾಕು ಎಂದರು. ಆದದ್ದು ಹದಿನೈದು ಜನಕ್ಕಾಗುವಷ್ಟು. ಕೈ ಹಿಡಿತ ತಪ್ಪಿರಲಿಲ್ಲ, ಕೈಗೆ ಗೊತ್ತಿದ್ದ ಹಿಡಿತವೇ ಅದು. ಮಹಡಿಮಹಡಿ ಹತ್ತಿ ಇಳಿದು ಪಾತ್ರೆಗಳಲ್ಲಿ ಹಂಚಿದೆವು. ಭಾಷೆ ಬಾರದಿದ್ದರೂ ಇಡೀ ಕಟ್ಟಡಕ್ಕೆ ನಮ್ಮ ಪರಿಚಯವಾಯಿತು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತೆ.

ನಕ್ಕಿದ್ದು ಇವರಿಗೆ ಚುರುಕ್ ಎಂದಿತು. ಅವತ್ತಿನಿಂದ ಶಾಲೆಗೆ ಸೇರಿದವರ ಹಾಗೆ ಇಬ್ಬರ ಅಡುಗೆ ಕಲಿಯಲು ಶುರುಮಾಡಿದರು. ಆರುನೂರನ್ನು ಮುನ್ನೂರರಿಂದ ಭಾಗಿಸಿದರೆ ಅಕ್ಕಿಯ ಲೆಕ್ಕ ಸಿಗುತ್ತದೆ, ಉಪ್ಪಿನ ಲೆಕ್ಕ ಸಿಗುವುದಿಲ್ಲ. ಒಂದು ದಿನ ಬಾಯಿಗಿಡಲಾಗದಷ್ಟು ಉಪ್ಪು, ಇನ್ನೊಂದು ದಿನ ಸಪ್ಪೆ. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಊಟ ಮುಗಿಯುವುದಕ್ಕೂ ಪಾತ್ರೆಗಳು ಖಾಲಿಯಾಗುವುದಕ್ಕೂ ಸರಿಹೋಯಿತು. ಒಂದು ಅಗುಳು ಮಿಗಲಿಲ್ಲ, ಇನ್ನೊಂದು ತುತ್ತು ಬೇಕು ಅನ್ನಿಸಲೂ ಇಲ್ಲ. ಇವರು ಖಾಲಿ ಪಾತ್ರೆಯನ್ನು ನನ್ನ ಮುಂದೆ ಬಗ್ಗಿಸಿ ತೋರಿಸಿದರು. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಮದುವೆಯ ದಿನವೂ ನೋಡಿರಲಿಲ್ಲ.

ಅದಾಗಿ ಎರಡು ವಾರಕ್ಕೆ ನುಂಗುವಾಗ ಗಂಟಲು ನೋಯುತ್ತದೆ ಎಂದರು. ಪರೀಕ್ಷೆಗಳ ಮೇಲೆ ಪರೀಕ್ಷೆಗಳಾದವು. ಕೊನೆಗೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ನಮಗೆ ತಿಳಿಯಲಿ ಎಂದು ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳಿದರು. ಆಪರೇಷನ್ನಿನ ಹಂತ ದಾಟಿದೆ, ಹೆಚ್ಚೆಂದರೆ ಒಂದು ತಿಂಗಳು ಎಂದರು. ಹೊಟ್ಟೆಗೆ ಒಂದು ನಳಿಕೆ ಹಾಕಿದರು. ಊಟವೆಂದರೆ ಅದರಲ್ಲಿ ಬಿಡುವ ಬಿಳಿ ನೀರು. ವಾಸನೆ ಹೋಯಿತು, ರುಚಿ ಹೋಯಿತು, ದನಿ ಹೋಗಿ ಪಿಸುಮಾತು ಉಳಿಯಿತು. ಆರುನೂರು ಜನರ ಹೊಟ್ಟೆ ತುಂಬಿಸಿದವರಿಗೆ ದೇವರು ಕೊಟ್ಟ ಬಹುಮಾನ ಇದು ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಮಾತ್ರ ಆಸ್ಪತ್ರೆಯಿಂದ ಬಂದ ದಿನವೇ, ನಾಳೆಯಿಂದ ನೀನು ಅಡುಗೆ ಕಲಿಯಬೇಕು ಎಂದರು.

ಪಾಠ ಬೆಳಿಗ್ಗೆ ಹನ್ನೊಂದಕ್ಕೆ. ಅಡುಗೆಮನೆಯಲ್ಲಿ ಕುರ್ಚಿ ಹಿಡಿಸುವುದಿಲ್ಲ. ಇವರು ಹಾಲ್‌ನಲ್ಲಿ, ಗೋಡೆಯ ಈಚೆ, ಬಾಗಿಲ ಪಕ್ಕ ಕೂರುತ್ತಿದ್ದರು. ಒಲೆ ಅವರಿಗೆ ಕಾಣುತ್ತಿರಲಿಲ್ಲ. ನಾನು ಒಳಗಿನಿಂದ ಕೇಳುವುದು, ಅವರು ಪಿಸುಗುಡುವುದು, ಕೇಳಿಸದಿದ್ದರೆ ನಾನು ಹೊರಗೆ ಬಂದು ಬಾಯಿಯ ಹತ್ತಿರ ಕಿವಿ ಇಡುವುದು. ಮೊದಲ ದಿನವೇ ಜಗಳವಾಯಿತು. ಒಂದೂವರೆ ಹಿಡಿ ಅಕ್ಕಿ ಹಾಕು ಎಂದರು. ನಾವಿಬ್ಬರಿದ್ದಾಗ ನೀವು ಮೂರು ಹಿಡಿ ಹಾಕುತ್ತಿದ್ದಿರಲ್ಲ ಎಂದೆ. ಒಂದೂವರೆಯೇ ಎಂದು ಮತ್ತೆ ಪಿಸುಗುಟ್ಟಿದರು. ಅಕ್ಕಿ ಡಬ್ಬಿಯಲ್ಲಿ ಕೈಯಿಟ್ಟುಕೊಂಡು ನಿಂತವಳಿಗೆ ಆಮೇಲೆ ಅರ್ಥವಾಯಿತು. ಇವರು ನನಗೆ ಒಬ್ಬಳ ಅಡುಗೆ ಕಲಿಸುತ್ತಿದ್ದರು.

ಹೇಳಬೇಕೆಂದರೆ ನಾನು ಒಂದೇ ವಾರದಲ್ಲಿ ಕಲಿತೆ. ಅನ್ನ ಹದಿನಾರು ನಿಮಿಷ, ಬೇಳೆ ನೆನೆಹಾಕಿದ್ದರೆ ಇಪ್ಪತ್ತೈದು, ಆಲೂಗಡ್ಡೆ ಹೆಚ್ಚಿದ್ದು ಹನ್ನೆರಡು. ನಿಮಿಷಗಳ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಂಟನೆಯ ದಿನ ಎಲ್ಲ ಹದವಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ತಂಗಿಯ ಫೋನ್ ಬಂತು. ಇವರು ಫೋನನ್ನು ಬಾಯಿಗೆ ಒತ್ತಿ ಹಿಡಿದು ಅವಳ ಜೊತೆ ಮಾತಾಡುತ್ತಿದ್ದರು. ನಾನು ಒಳಗೆ ಕೈ ಒರೆಸಿಕೊಳ್ಳುತ್ತಿದ್ದೆ.

"ನಿಮ್ಮಕ್ಕ ಒಂದು ಹೊತ್ತಿನ ಊಟ ತಾನೇ ಮಾಡ್ಕೊಂಡು ತಿನ್ನೋದು ನೋಡಿಬಿಟ್ರೆ ನನ್ನ ಕೆಲಸ ಮುಗೀತಮ್ಮ. ಅಲ್ಲೀತನಕ ಹೇಗಾದ್ರೂ ಎಳೀತೀನಿ."

ತಂಗಿ ಅತ್ತಿರಬೇಕು. ಇವರು ಅವಳನ್ನೇ ಸಮಾಧಾನ ಮಾಡಿದರು. ನಾನು ಒಲೆಯ ಕಡೆ ತಿರುಗಿದೆ. ಅನ್ನಕ್ಕೆ ಹದಿನಾರು ನಿಮಿಷವಾಗಿತ್ತು. ಆರಿಸಲಿಲ್ಲ. ಇಪ್ಪತ್ತಾಯಿತು, ಇಪ್ಪತ್ತೆರಡಾಯಿತು. ತಳ ಹಿಡಿಯಿತು, ಸುಟ್ಟಿತು, ಹೊಗೆ ಬಂತು. ಅಯ್ಯೋ ಮರೆತೇಬಿಟ್ಟೆ ಎನ್ನುತ್ತಾ ಕರಿಯಾದ ಪಾತ್ರೆಯನ್ನು ತಂದು ಅವರಿಗೆ ತೋರಿಸಿದೆ. ಹೋಗಲಿ ಬಿಡು, ನಾಳೆ ನೋಡೋಣ ಎಂದರು. ನನಗೆ ಬೇಕಾಗಿದ್ದುದು ಆ 'ನಾಳೆ' ಒಂದೇ.

ಆಮೇಲೆ ನನಗೆ ಅದೇ ಕಸುಬಾಯಿತು. ಒಂದು ದಿನ ಅನ್ನ ಸೀಯಿಸಿದರೆ ಮರುದಿನ ಬೇಳೆಗೆ ಎರಡು ಸಲ ಉಪ್ಪು. ಅದರ ಮರುದಿನ ಆಲೂಗಡ್ಡೆ ಅರೆಬೆಂದದ್ದು. ದಿನಾ ಒಂದೇ ತಪ್ಪು ಮಾಡಿದರೆ ಸಂಶಯ ಬರುತ್ತದೆಂದು ತಪ್ಪುಗಳನ್ನೂ ಸರದಿಯ ಮೇಲೆ ಮಾಡಿದೆ. ಇವರು ಒಮ್ಮೆಯೂ ರೇಗಲಿಲ್ಲ. ಕ್ಯಾಂಟೀನಿನಲ್ಲಿ ಸಣ್ಣ ತಪ್ಪಿಗೂ ಸೌಟು ಬೀಸುತ್ತಿದ್ದರಂತೆ, ಅಂಥವರು ನನ್ನ ಮುಂದೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ನಾನು ಸುಟ್ಟದ್ದನ್ನು ಕೆರೆದು ಬಿಸಾಡಿ ಬ್ರೆಡ್ಡು ತಿನ್ನುತ್ತಿದ್ದೆ. ಡಾಕ್ಟರು ಹೇಳಿದ ತಿಂಗಳು ಕಳೆಯಿತು. ತೋರಿಸಲು ಹೋದಾಗ ಅವರು ಹುಬ್ಬೇರಿಸಿದರು. ಮನೆಯಲ್ಲಿ ಏನು ಮಾಡುತ್ತಿದ್ದೀರೋ ಅದನ್ನೇ ಮುಂದುವರಿಸಿ ಎಂದರು. ಅವತ್ತು ನಾನು ಬರುವ ದಾರಿಯಲ್ಲಿ ಇನ್ನೆರಡು ಚೀಲ ಅಕ್ಕಿ ತಂದೆ. ಸುಡುವುದಕ್ಕೆ ಅಕ್ಕಿ ತರುವ ಹುಚ್ಚಿಯನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಅಂಥವಳಾಗಿದ್ದೆ.

ನಳಿಕೆ ತೊಳೆದು ಔಷಧಿ ಕೊಡಲು ದಿನಾ ಹತ್ತು ಗಂಟೆಗೆ ಒಬ್ಬ ನರ್ಸು ಬರುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಮಾತು ಕಡಿಮೆ. ಅವಳು ಬಂದಾಗ ನಾನು ತರಕಾರಿಗೆಂದು ಅಂಗಡಿಗೆ ಹೋಗಿರುತ್ತಿದ್ದೆ. ಪಾಠ ಶುರುವಾಗಿ ನಲವತ್ತೈದು ದಿನಗಳಾಗಿದ್ದವು. ಅವತ್ತು ಮೆಟ್ಟಿಲಲ್ಲಿ ಎದುರಾದವಳು ನನ್ನನ್ನು ತಡೆದು ನಿಲ್ಲಿಸಿದಳು. ಅವಳ ಭಾಷೆ ಅಷ್ಟು ಹೊತ್ತಿಗೆ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ನೋವಿನ ಇಂಜೆಕ್ಷನ್ ಹತ್ತು ಗಂಟೆಗೇ ಕೊಡಬೇಕು, ಇವರು ತೆಗೆದುಕೊಳ್ಳುವುದಿಲ್ಲ ಎಂದಳು. ಅದನ್ನು ಕೊಟ್ಟರೆ ನಿದ್ದೆ ಬರುತ್ತದೆ, ಹೆಂಡತಿಗೆ ಪಾಠ ಇದೆ, ಆದ ಮೇಲೆ ಕೊಡಿ ಎನ್ನುತ್ತಾರಂತೆ. ಈಗಲೋ, ಪಾಠ ಆದ ಮೇಲೋ ಎಂದು ಇವಳು ದಿನಾ ಕೇಳುತ್ತಾಳಂತೆ. ದಿನಾ ಅದೇ ಉತ್ತರವಂತೆ. ಹಾಗಾಗಿ ಒಂದು ಗಂಟೆಗೆ ಇನ್ನೊಂದು ಸಲ ಬಂದು ಕೊಟ್ಟು ಹೋಗುತ್ತಿದ್ದಾಳೆ. ನಾನು ಅದನ್ನು ನಿದ್ದೆಯ ಮದ್ದು ಎಂದುಕೊಂಡಿದ್ದೆ. ಅಷ್ಟು ನೋವನ್ನು ಮೂರು ಗಂಟೆ ಹೇಗೆ ತಡೆದುಕೊಳ್ಳುತ್ತಾರೋ ತನಗೆ ತಿಳಿಯದು, ಹೊದಿಕೆಯ ಕೆಳಗೆ ಅವರ ಕೈಯನ್ನೊಮ್ಮೆ ನೋಡಿ ಎಂದು ಹೇಳಿ ಅವಳು ಇಳಿದುಹೋದಳು.

ಒಳಗೆ ಹೋಗಿ ನೋಡಿದೆ. ಮೊಣಕಾಲ ಮೇಲೆ ಹೊದಿಕೆ ಇತ್ತು. ಅದನ್ನು ಸರಿಸಿದರೆ ಅಂಗೈಯಲ್ಲಿ ಉಗುರು ಊರಿದ ಗಾಯಗಳು, ಹೊಸವು, ಹಳೆಯವು. ಇವರು ಕೈ ಎಳೆದುಕೊಂಡು, ಇವತ್ತು ಬೇಳೆ ಬೇಗ ನೆನೆಹಾಕಿದ್ದೀಯಾ ಎಂದು ಕೇಳಿದರು. ಇಷ್ಟೆಲ್ಲ ಗೊತ್ತಾದ ಮೇಲಾದರೂ ಸರಿಯಾಗಿ ಮಾಡಬೇಕಿತ್ತು. ಮಾಡಲಿಲ್ಲ. ಒಲೆಯ ಮುಂದೆ ನಿಂತು, ಇದೊಂದು ದಿನ, ಇದೊಂದೇ ದಿನ ಎಂದುಕೊಳ್ಳುತ್ತಾ ಮತ್ತೆ ಅನ್ನ ಸೀಯಿಸಿದೆ. ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿರಲಾರಳು ಎಂದು ತಿಳಿದೇ ಸೀಯಿಸಿದೆ.

ಪಾತ್ರೆ ತಂದು ತೋರಿಸಿದಾಗ ಇವರು ಅದರ ಕಡೆ ನೋಡಲಿಲ್ಲ. ಹತ್ತಿರ ಬಾ ಎಂದು ಬೆರಳಾಡಿಸಿದರು. ನಾನು ಬಗ್ಗಿದೆ.

"ನೀರು ಇಂಗಿದ ಕೂಡಲೇ ಪಾತ್ರೆ ಸದ್ದು ಬದಲಾಗುತ್ತೆ ಕಣೇ. ಗುಳುಗುಳು ನಿಂತು ಚಿಟಿಚಿಟಿ ಅನ್ನುತ್ತೆ. ದಿನಾ ಕೇಳಿಸ್ತಿತ್ತು. ಆಮೇಲೆ ನೀನು ಅಲ್ಲೇ ನಿಂತಿರ್ತಿದ್ದೆ. ಬಳೆ ಸದ್ದೂ ಇಲ್ಲ."

ಉಪ್ಪಿನ ಡಬ್ಬಿಯ ಮುಚ್ಚಳ ಎರಡು ಸಲ ತೆಗೆದದ್ದೂ ಅವರಿಗೆ ಕೇಳಿಸಿತ್ತು. ಹನ್ನೆರಡು ಒಲೆ ಒಟ್ಟಿಗೆ ಉರಿಯುವ ಕಡೆ ಜೀವಮಾನವೆಲ್ಲ ಕಿವಿಯಲ್ಲೇ ಅಡುಗೆ ಮಾಡಿದವರು. ಅವರಿಗೆ ಗೋಡೆಯೊಂದು ಅಡ್ಡವೇ? ನಾನು ಯಾರಿಗೆ ಟೋಪಿ ಹಾಕಲು ಹೊರಟಿದ್ದೆನೋ ಅವರು ಮೊದಲ ದಿನವೇ ತಿಳಿದುಕೊಂಡು ಸುಮ್ಮನೆ ಕೂತಿದ್ದರು.

"ಗೊತ್ತಿದ್ದೂ ಯಾಕ್ರೀ ಸುಮ್ಮನಿದ್ರಿ?"

"ನಿನಗೆ ಇನ್ನೊಂದಿಷ್ಟು ದಿನ ಬೇಕಿತ್ತು. ಕೊಡೋಕಾಯ್ತು, ಕೊಟ್ಟೆ." ಉಸಿರು ತೆಗೆದುಕೊಂಡರು. "ಇನ್ನು ಆಗಲ್ಲ ಕಣೇ."

ನಾನು ಅವರ ಕಾಲ ಬುಡದಲ್ಲಿ ಕುಸಿದು ಕೂತು ಅತ್ತೆ. ಕೆಳಗಿನ ಮನೆಯವರು ಬಾಗಿಲು ತೆರೆದ ಸದ್ದು ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. ಇವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಒಂದು ಗಂಟೆಗೆ ನರ್ಸು ಬಂದು ಇಂಜೆಕ್ಷನ್ ಕೊಡುವಾಗಲೂ ಆ ಕೈಯನ್ನು ತೆಗೆಯಲಿಲ್ಲ.

ಮರುದಿನ ನಾನು ಅಂಗಡಿಗೆ ಹೋಗಲಿಲ್ಲ. ಎಂಟು ಗಂಟೆಗೇ ಸ್ನಾನ ಮಾಡಿ ಒಲೆ ಹಚ್ಚಿದೆ. ಒಂದೂವರೆ ಹಿಡಿ ಅಕ್ಕಿ ತೊಳೆದೆ. ಬೇಳೆಗೆ ಉಪ್ಪು ಒಂದೇ ಸಲ ಹಾಕಿದೆ. ಆಲೂಗಡ್ಡೆಯನ್ನು ಅವರು ಹೇಳಿಕೊಟ್ಟ ಹಾಗೆ ಒಂದೇ ಅಳತೆಗೆ ಹೆಚ್ಚಿದೆ. ಯಾವುದನ್ನೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೀರು ಇಂಗಿ ಸದ್ದು ಬದಲಾದಾಗ ನನಗೂ ಕೇಳಿಸಿತು. ಆರಿಸಿದೆ. ಗೋಡೆಯ ಆಚೆ ಇವರು ಉಸಿರು ಬಿಟ್ಟದ್ದೂ ಕೇಳಿಸಿತು.

ಒಂದು ತಟ್ಟೆ ತಂದುಕೊಂಡು ಅವರ ಎದುರು ಕೂತೆ. ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ನೀರು ಕುಡಿದು ಇಳಿಸಿದೆ. ಇವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಉಪ್ಪು ಹೇಗಿದೆ ಎಂದು ಹುಬ್ಬಿನಲ್ಲೇ ಕೇಳಿದರು. ಸರಿಯಾಗಿದೆ ಎಂದೆ. ಸುಳ್ಳು ಹೇಳಿದರೆ ಅವರಿಗೆ ತಿಳಿಯುತ್ತಿತ್ತು. ನಿಜವಾಗಿಯೂ ಸರಿಯಾಗಿತ್ತು. ಅದೇ ನನ್ನ ಎದೆ ಒಡೆಯುತ್ತಿತ್ತು. ತುತ್ತು ತುತ್ತಾಗಿ ತಟ್ಟೆ ಮುಗಿಸಿದೆ. ಪಾತ್ರೆಯಲ್ಲಿ ಏನೂ ಮಿಗಲಿಲ್ಲ. ಅವರ ಕಣ್ಣಂಚಿನಲ್ಲಿ ನೀರಿತ್ತು, ಮುಖದಲ್ಲಿ ನಗುವೂ ಇತ್ತು.

ಹತ್ತು ಗಂಟೆಗೆ ನರ್ಸು ಬಂದಳು. ಚೀಲ ಬಿಚ್ಚಿ, ಸಿರಿಂಜು ಕೈಯಲ್ಲಿ ಹಿಡಿದು, ಈಗಲೋ, ಪಾಠ ಆದ ಮೇಲೋ ಎಂದು ಎಂದಿನಂತೆ ಕೇಳಿದಳು. ಇವರು ನನ್ನ ಕಡೆ ನೋಡಿದರು.

ನಾನು ಎದ್ದು ಅವರ ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿದೆ.

"ಈಗಲೇ ಕೊಡಿ," ಎಂದೆ. "ನನಗೆ ಅಡುಗೆ ಬಂತು."